ಮಹಡಿ ಮೇಲಿನ ಸಾಲ

ಪವಿತ್ರಳಿಗೆ ಕಾರು ಬೇಕಾಗಿದ್ದು ತನಗಲ್ಲ, ಒಬ್ಬಟ್ಟಿಗೆ.

ದೇವರಾಜ ಮೊಹಲ್ಲಾದ ಒಂದೂವರೆ ಕೋಣೆಯ ಮನೆಯಲ್ಲಿ ಅವಳೂ ಅವಳ ಅಜ್ಜಿ ಮಂಗಳಮ್ಮನೂ ಸೇರಿ ಹೂರಣ ರುಬ್ಬಿ, ಕಣಕ ನಾದಿ, ಬಾಳೆಲೆಯ ಮೇಲೆ ತಟ್ಟಿ ಬೇಯಿಸುತ್ತಿದ್ದ ಒಬ್ಬಟ್ಟು ಕೃಷ್ಣಮೂರ್ತಿಪುರಂವರೆಗೆ ಸ್ಕೂಟರಿನಲ್ಲಿ ಹೋದರೆ ಒಬ್ಬಟ್ಟಾಗಿಯೇ ಉಳಿಯುತ್ತಿತ್ತು. ಅದಕ್ಕಿಂತ ದೂರ ಹೋದರೆ ರಸ್ತೆಯ ಹಂಪುಗಳು ಸೇರಿಕೊಂಡು ಅದನ್ನು ಪುಡಿಪುಡಿ ಮಾಡಿಬಿಡುತ್ತಿದ್ದವು. ಹೀಗಿರುವಾಗ ಇಲವಾಲದ ಕಲ್ಯಾಣ ಮಂಟಪದ ಮ್ಯಾನೇಜರು ಫೋನು ಮಾಡಿದ. ಇನ್ನು ಹತ್ತು ದಿನಕ್ಕೆ, ಭಾನುವಾರ ನಡೆಯುವ ಮದುವೆಗೆ ಎಂಟುನೂರು ಒಬ್ಬಟ್ಟು ಬೇಕು, ಮುರಿಯದೆ ಬಂದರೆ ವರ್ಷವಿಡೀ ಆರ್ಡರು ನಿಮ್ಮದೇ, ಮುರಿದು ಬಂದರೆ ನಮಸ್ಕಾರ ಎಂದ. ಪವಿತ್ರ "ಆಯ್ತು ಸಾರ್" ಎಂದು ಒಪ್ಪಿಕೊಂಡು, ಆಮೇಲೆ ಕೂತು ಯೋಚನೆ ಮಾಡಿದಳು. ಅವಳ ಕ್ರಮವೇ ಹಾಗೆ.

ಐದು ವರ್ಷ ತಟ್ಟಿ ಕೂಡಿಟ್ಟ ಎರಡೂಮುಕ್ಕಾಲು ಲಕ್ಷ ಅವಳ ಖಾತೆಯಲ್ಲಿತ್ತು. ಅದರಲ್ಲಿ ಹೊಸ ಕಾರಿನ ಮೂತಿ ಮಾತ್ರ ಬರುತ್ತಿತ್ತು. ಹಾಗಾಗಿ ಹಳೆಯದನ್ನೇ ಹುಡುಕಿದಳು. ಓಡಿಸಲು ಹೇಗೂ ಕಲಿತಿದ್ದಳು. ಮೊಬೈಲಿನಲ್ಲಿ ಒಂದು ಜಾಹೀರಾತು ಸಿಕ್ಕಿತು: ಕೃಷ್ಣಮೂರ್ತಿಪುರಂ, ಒಬ್ಬರೇ ಓನರು, ಏಳು ವರ್ಷದ ಗಾಡಿ, ಹಿಂದಿನ ಸೀಟು ಮಡಚಿದರೆ ಎಂಟು ಬುಟ್ಟಿ ಆರಾಮಾಗಿ ಹಿಡಿಯುವಷ್ಟು ಜಾಗ. ಫೋಟೋದಲ್ಲಿ ಕಾರಿನ ಮುಂದೆ ರಂಗೋಲಿ ಬೇರೆ ಇತ್ತು. ಪವಿತ್ರಳಿಗೆ ಅಲ್ಲೇ ಅರ್ಧ ಮನಸ್ಸಾಗಿಹೋಯಿತು.

"ಉಸಾರು ಕಣವ್ವ," ಎಂದಳು ಮಂಗಳಮ್ಮ, ಬೇಳೆ ಬಸಿಯುತ್ತಾ. "ಪಸಂದಾಗಿರೋ ಕುದುರೇನ ಬಡ್ಡೀ ಮಗ ಯಾವನಾದ್ರೂ ಸುಮ್ನೆ ಮಾರ್ತಾನಾ? ಕಥೇಲಿ ಎಂಗೆ? ಹತ್ತಿ ಕುಂತ್ಮೇಲೆ ತಾನೇ ಅದು ರಾಕ್ಷಸನ ಕುದುರೆ ಅಂತ ಗೊತ್ತಾಗೋದು."

ಹುಟ್ಟಿದಾಗಿನಿಂದ ಅಜ್ಜಿಯ ಕಥೆ ಕುಡಿದೇ ಬೆಳೆದ ಪವಿತ್ರಳಿಗೆ ರಾಕ್ಷಸರ ಬಗ್ಗೆ ಬೇಕಾದಷ್ಟು ತಿಳಿದಿತ್ತು. ಕಾಗದಪತ್ರದ ಬಗ್ಗೆ ಮಾತ್ರ ಏನೇನೂ ತಿಳಿಯದು. ಫಾರಂ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಅವಳ ಮನಸ್ಸು ಮೆಲ್ಲಗೆ ಚಪ್ಪಲಿ ಮೆಟ್ಟಿಕೊಂಡು ಎಲ್ಲಿಗೋ ಹೊರಟುಬಿಡುತ್ತಿತ್ತು. ಅದಕ್ಕೇ ಅವಳು ಬಿಂದುಮಾಧವ ರಾಯರನ್ನು ಜೊತೆಗೆ ಕರೆದಳು. ರಾಯರು ತಿಂಗಳಿಗೆರಡು ಸಲ ಅವಳ ಹತ್ತಿರ ಕಾಯಿ ಒಬ್ಬಟ್ಟು ಕೊಳ್ಳುವವರು, ಆರ್‌ಟಿಓ ಆಫೀಸಿನಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದವರು. ಲಕ್ಷಾಂತರ ಗಾಡಿಗಳ ಜನ್ಮಜಾತಕ ಬಲ್ಲ ಅವರಿಗೆ ಸೈಕಲ್ ಕೂಡ ಓಡಿಸಲು ಬಾರದು.

ಶನಿವಾರ ಬೆಳಿಗ್ಗೆ ಇಬ್ಬರೂ ಆ ಮನೆಗೆ ಹೋದರು. ಎರಡಂತಸ್ತಿನ ಹಳೆಯ ಮನೆ. ಕೆಳಗೆ ಕಾರಿನ ಯಜಮಾನರಾದ ಸುಂದರೇಶ, ಅವರ ಹೆಂಡತಿ ಸುಮಾ. ಮಹಡಿಯ ಮೇಲೆ ಸುಮಾಳ ತಮ್ಮ ಹರೀಶನ ಸಂಸಾರ. ಸುಂದರೇಶ ಕಾಲೇಜೊಂದರಲ್ಲಿ ಲೈಬ್ರರಿಯನ್ ಆಗಿದ್ದು ನಾಲ್ಕು ವರ್ಷದ ಹಿಂದೆ ನಿವೃತ್ತರಾದವರು. ಮೆತ್ತಗೆ ಮಾತಾಡುವ, ಬಾಗಿಲನ್ನೂ ಸದ್ದಾಗದಂತೆ ಮುಚ್ಚುವ ಮನುಷ್ಯ.

ಕಾರು ಅಂಗಳದಲ್ಲಿ ನಿಂತಿತ್ತು. ಬೂದು ಬಣ್ಣ. ಮಿಂದು ಮಡಿಯುಟ್ಟ ಹಾಗೆ ಹೊಳೆಯುತ್ತಿತ್ತು.

"ಗಾಡಿ ನೋಡಿ ಸಾರ್," ಎಂದಳು ಪವಿತ್ರ.

ರಾಯರು ತಮಗೆ ಕೊಟ್ಟ ಕುರ್ಚಿಯನ್ನು ತಿರುಗಿಸಿ, ಕಾರಿಗೆ ಬೆನ್ನು ಹಾಕಿ ಕೂತರು. "ಗಾಡಿ ಏನಮ್ಮಾ ನೋಡೋದು? ನೋಡಿದ್ರೆ ಮನಸ್ಸಾಗುತ್ತೆ. ಮನಸ್ಸಾದ್ಮೇಲೆ ಕಾಗದ ಓದಕ್ಕಾಗಲ್ಲ. ಈ ಆರ್‌ಸಿ ಪತ್ರದಲ್ಲಿ ಬಣ್ಣ ಬೂದು ಅಂತ ಬರ್ದಿದೆ, ಹೌದೇ?"

"ಹೌದು ಸಾರ್."

"ಸರಿ. ಈ ಪೆನ್ಸಿಲ್ ತಗೋ. ಬಾನೆಟ್ ಎತ್ತಿದ್ರೆ ಒಳಗೆ ತಗಡಿನ ಮೇಲೆ ಚಾಸಿ ನಂಬರ್ ಕೆತ್ತಿರುತ್ತೆ. ಅದರ ಮೇಲೆ ಈ ತೆಳು ಕಾಗದ ಇಟ್ಟು ಉಜ್ಕೊಂಡು ಬಾ."

ಪವಿತ್ರ ಉಜ್ಜಿದಳು. ಕಪ್ಪು ಗೀಚಿನ ನಡುವೆ ಅಕ್ಷರಗಳು ಒಂದೊಂದಾಗಿ ಬಿಳಿಯಾಗಿ ಎದ್ದು ಬಂದದ್ದು ನೋಡಿ ಅವಳಿಗೆ ಮೈ ಜುಮ್ಮೆಂದಿತು. ಕಾರು ತನ್ನ ನಿಜವಾದ ಹೆಸರನ್ನು ತನ್ನೊಬ್ಬಳ ಕಿವಿಯಲ್ಲೇ ಹೇಳಿದ ಹಾಗೆ! ರಾಯರು ಅದನ್ನು ಆರ್‌ಸಿ ಪಕ್ಕ ಹಿಡಿದು ಒಂದೊಂದೇ ಅಕ್ಷರಕ್ಕೆ ತಲೆಯಾಡಿಸಿದರು. "ಇದು ಇದೇ ಕಾರು," ಎಂದು ತೀರ್ಪು ಕೊಟ್ಟರು. ಆಮೇಲೆ ಕನ್ನಡಕ ಹಣೆಗೇರಿಸಿದರು. ಅದು ಒಳ್ಳೆಯ ಲಕ್ಷಣವಲ್ಲ.

"ಸುಂದರೇಶ್ ಅವ್ರೇ, ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದೆಯಲ್ರೀ. ಸಾಲ ಇದೆಯೇ?"

ಸುಂದರೇಶ ಮಹಡಿಯ ಕಡೆ ಒಮ್ಮೆ ನೋಡಿದರು. ಮೇಲಿನ ಬಾಲ್ಕನಿಯಲ್ಲಿ ಹರೀಶ್ ಬನಿಯನ್ನಿನಲ್ಲಿ ನಿಂತು ಹಲ್ಲುಜ್ಜುತ್ತಿದ್ದ. "ಇದೆಯಲ್ಲ!" ಎಂದು ಸುಂದರೇಶ ಗಟ್ಟಿಯಾಗಿ ಕೂಗಿದರು. "ಏಳು ವರ್ಷದ ಸಾಲ! ಏನ್ ಮಾಡೋದು ಹೇಳಿ! ಕಟ್ತಾ ಇದೀನಿ, ಕಟ್ತಾನೇ ಇದೀನಿ!"

ಹರೀಶ್ ಬಾಯಿ ಮುಕ್ಕಳಿಸಲು ಒಳಗೆ ಹೋದ. ಸುಂದರೇಶ ಬಾಗಿ, "ಇಲ್ಲ," ಎಂದು ಪಿಸುಗುಟ್ಟಿದರು.

"ಏನಿಲ್ಲ?"

"ಸಾಲ ಇಲ್ಲ."

"ಈಗ ತಾನೇ ಇದೆ ಅಂದ್ರಲ್ರೀ?"

"ಅದು ಮೇಲೆ ಇದೆ. ಕೆಳಗೆ ಇಲ್ಲ."

ಬಿಂದುಮಾಧವ ರಾಯರು ಮೂವತ್ತು ವರ್ಷದ ಸರ್ವೀಸಿನಲ್ಲಿ ಇಂಥ ಉತ್ತರ ಕೇಳಿರಲಿಲ್ಲ. ಅವರು ಎದ್ದು ನಿಂತು ಪೆನ್ಸಿಲನ್ನು ಜೇಬಿಗೆ ಸಿಕ್ಕಿಸಿಕೊಂಡರು. "ನಡಿಯಮ್ಮ ಪವಿತ್ರ. ಬ್ಯಾಂಕಿನ ಹೆಸರು ಇರೋವರ್ಗೂ ಕಾರು ಬ್ಯಾಂಕಿನ ಅಡಮಾನ. ನೀನು ದುಡ್ಡು ಸುರ್ದು ತಗೊಂಡೋದ್ಮೇಲೂ ಅವ್ರು ಬಂದು ಎಳ್ಕೊಂಡು ಹೋಗ್ಬಹುದು. ಒಬ್ಬಟ್ಟಿನ ಸಮೇತ."

ಪವಿತ್ರ ತಿರುಗಿ ನಿಂತಳು. ಒಂದು ಸಲ ಕಾರನ್ನು ನೋಡಿದಳು. ಕಾರೂ ತನ್ನನ್ನೇ ನೋಡುತ್ತಿದೆ ಅನ್ನಿಸಿತು. ಆದರೂ ಎರಡೂಮುಕ್ಕಾಲು ಲಕ್ಷವೆಂದರೆ ಎಷ್ಟು ಒಬ್ಬಟ್ಟು ಎಂಬ ಲೆಕ್ಕ ಅವಳ ಅಂಗೈಗೆ ಗೊತ್ತಿತ್ತು. ಗೇಟು ದಾಟಿದಳು.

ರಸ್ತೆಯ ತಿರುವಿನಲ್ಲಿ ಎಳನೀರು ಗಾಡಿಯ ಹತ್ತಿರ ಸುಂದರೇಶ ಓಡೋಡಿ ಬಂದು ಅವರನ್ನು ಹಿಡಿದರು. ಉಬ್ಬಸ ಇಳಿಯುವ ತನಕ ಕೈ ಎತ್ತಿ ನಿಲ್ಲಿಸಿ, ಆಮೇಲೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟರು.

ಕಾರು ತಂದ ಹೊಸದರಲ್ಲಿ ಹರೀಶ್ ಮೂರು ಸಲ ಎರವಲು ಒಯ್ದಿದ್ದನಂತೆ. ಮೊದಲ ಸಲ ಒಂಬತ್ತು ಜನರನ್ನು ತುಂಬಿಕೊಂಡು ಧರ್ಮಸ್ಥಳಕ್ಕೆ. ಘಾಟಿ ತಿರುವಿನಲ್ಲಿ ಯಾರು ತಿಂದ ಪುಳಿಯೋಗರೆ ಯಾರ ಮಡಿಲಿಗೆ ಬಂತೆಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ. ಎರಡನೆಯ ಸಲ ಷಡ್ಡಕನ ಮದುವೆಗೆ. ಬಾನೆಟ್ಟಿಗೆ ಹೂವಿನ ಹಾರ ಅಂಟಿಸಲು ಫೆವಿಕಾಲ್ ಬಳಸಿದ್ದ. ಮೂರನೆಯ ಸಲದ ವಿಷಯ ಬೇಡ ಎಂದರು ಸುಂದರೇಶ, ಅವರ ಕಣ್ಣು ಒದ್ದೆಯಾಯಿತು. "ಮೂವತ್ತೆರಡು ವರ್ಷ ಲೈಬ್ರರಿಲಿ ಎರವಲು ಕೊಟ್ಟವನು ನಾನು. ಏನು ಹ್ಯಾಗೆ ವಾಪಸ್ ಬರುತ್ತೆ ಅಂತ ನಂಗೆ ಗೊತ್ತು."

"ಇಲ್ಲ ಅಂದ್ಬಿಡೋದಲ್ವಾ ಸಾರ್?" ಎಂದಳು ಪವಿತ್ರ.

"ಹೆಂಡ್ತಿ ತಮ್ಮ ಕಣಮ್ಮ! ಹ್ಯಾಗೆ ಇಲ್ಲ ಅನ್ಲಿ?"

ಆಗ ಅವರಿಗೆ ಹೊಳೆದದ್ದು ಬ್ಯಾಂಕು. ಸಾಲ ಇರುವ ಗಾಡಿ ಬೇರೆಯವರ ಕೈಗೆ ಕೊಟ್ಟರೆ ಬ್ಯಾಂಕಿನವರು ಒಪ್ಪುವುದಿಲ್ಲ ಎಂದು ಹೇಳಿದರು. ಹರೀಶ್ ನಂಬಿದ. ಮೂರೇ ವರ್ಷಕ್ಕೆ ನಿವೃತ್ತಿಯ ದುಡ್ಡು ಬಂದು ಸಾಲ ಪೂರಾ ತೀರಿತು. ಬ್ಯಾಂಕಿನವರು ಬಾಕಿಯಿಲ್ಲ ಎಂದು ಎನ್ಒಸಿ ಪತ್ರವನ್ನೂ ಕೊಟ್ಟರು. ಅದನ್ನು ಆರ್‌ಟಿಓಗೆ ಕೊಟ್ಟು ಹೆಸರು ತೆಗೆಸಬೇಕಿತ್ತು. ಸುಂದರೇಶ ತೆಗೆಸಲಿಲ್ಲ. ಆ ಹೆಸರೇ ಅವರ ಬೇಲಿ. ಸಾಲ ತೀರಿದ್ದನ್ನು ಹೆಂಡತಿಗೂ ಹೇಳಲಿಲ್ಲ, ಅವಳು ತಮ್ಮನಿಗೆ ಹೇಳಿಬಿಟ್ಟಾಳೆಂದು. ಈಗ ಸಮಸ್ಯೆ ಏನೆಂದರೆ ಏಳು ವರ್ಷದ ಸಾಲ ಎಂದು ಸಾರಿದ್ದು ಈ ದಸರಾಕ್ಕೆ ಮುಗಿಯುತ್ತದೆ. ಹರೀಶ್ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಗೋಕರ್ಣಕ್ಕೆ ಹನ್ನೊಂದು ಜನರ ಪಟ್ಟಿ ಮಾಡಿದ್ದಾನೆ. ಅದಕ್ಕೇ ಮಾರಾಟ.

"ಎನ್ಒಸಿ ಎಲ್ಲಿ?" ಎಂದರು ರಾಯರು. ಅವರಿಗೆ ಪುಳಿಯೋಗರೆಯಲ್ಲಿ ಆಸಕ್ತಿಯಿರಲಿಲ್ಲ.

"ಇದೆ. ಪಟ್ಟದ ಗೊಂಬೆ ಪೆಟ್ಟಿಗೇಲಿ. ರಾಜನ ಕೆಳಗೆ ರೇಷ್ಮೆ ಬಟ್ಟೆ ಹಾಸಿದೆಯಲ್ಲ, ಅದರಡಿ. ಆದ್ರೆ ಅಟ್ಟದ ಟ್ರಂಕಿನ ಬೀಗದ ಕೈ ಸುಮಾ ಹತ್ರ ಇದೆ. ನವರಾತ್ರಿಗೆ ಮೊದ್ಲು ತೆಗಿ ಅಂದ್ರೆ ಯಾಕೆ ಅಂತಾಳೆ."

"ನವರಾತ್ರಿಗೆ ಇನ್ನೂ ಎರಡು ತಿಂಗಳಿದೆ ಸಾರ್! ನಂಗೆ ನಾಳೆ ಬಿಟ್ಟು ಮುಂದಿನ ಭಾನುವಾರಕ್ಕೆ ಬೇಕು!"

"ಕಾಗದ ಇಲ್ಲದ ಸತ್ಯಕ್ಕೆ ನಮ್ಮಾಫೀಸಲ್ಲಿ ಕೌಂಟರ್ ಇಲ್ಲ," ಎಂದರು ರಾಯರು, ಎಳನೀರು ಹೀರುತ್ತಾ.

ಮನೆಗೆ ಬಂದ ಪವಿತ್ರ ಅಜ್ಜಿಗೆ ಎಲ್ಲ ಹೇಳಿ, ಗೋಡೆಗೊರಗಿ ಕೂತು ಕನಸು ಕಂಡಳು. ಬೂದು ಕಾರು ಒಂದು ಕಡೆ. ಅದರ ಪ್ರಾಣ ಇನ್ನೊಂದು ಕಡೆ, ಅಟ್ಟದ ಮೇಲೆ, ಟ್ರಂಕಿನೊಳಗೆ, ಪೆಟ್ಟಿಗೆಯೊಳಗೆ, ಮರದ ರಾಜನ ಬೆನ್ನಿನಡಿಯಲ್ಲಿ. ಏಳು ಕೆರೆಯಾಚೆ ಗಿಳಿಯೊಳಗೆ ಪ್ರಾಣ ಬಚ್ಚಿಟ್ಟ ರಾಕ್ಷಸನ ಕಥೆಯನ್ನು ಅವಳು ಸಾವಿರ ಸಲ ಕೇಳಿದ್ದಳು.

"ಅಜ್ಜಿ, ಗಿಳಿ ಎಲ್ಲೈತೆ ಅಂತ ರಾಜಕುಮಾರನಿಗೆ ಎಂಗೆ ಗೊತ್ತಾಯ್ತದೆ?"

"ಅವ್ನಿಗೆಲ್ಲಿ ಗೊತ್ತಾದಾತು, ಪೆದ್ದ. ಅವ್ನು ಬರೀ ಕತ್ತಿ ಬೀಸ್ತಾನೆ. ಗುಟ್ಟು ಗೊತ್ತಿರೋದು ರಾಕ್ಷಸನ ಮನೇಲಿರೋ ಹೆಣ್ಣಿಗೆ ಕಣೇ. ಯಾವ ಕಥೇಲಾದ್ರೂ ನೋಡು. ಗಂಡಸು ಬಚ್ಚಿಡ್ತಾನೆ, ಹೆಣ್ಣು ಕಸ ಗುಡಿಸ್ತಾಳೆ. ಗುಡಿಸೋಳಿಗೆ ಕಾಣ್ದಂಗೆ ಬಚ್ಚಿಟ್ಟೋನು ಇನ್ನೂ ಹುಟ್ಟಿಲ್ಲ, ಬುಡು."

ಸೋಮವಾರ ಪವಿತ್ರ ರಾಯರನ್ನೂ ಆರು ಕಾಯಿ ಒಬ್ಬಟ್ಟನ್ನೂ ಕರೆದುಕೊಂಡು ಹೋದಳು. ಸುಂದರೇಶ ಬಾಗಿಲಲ್ಲೇ ಕೈ ಮುಗಿದು, ತುಟಿಗೆ ಬೆರಳಿಟ್ಟು ತೋರಿಸಿದರು. ಪವಿತ್ರ ನೋಡದವಳಂತೆ ಅಡಿಗೆಮನೆಯವರೆಗೂ ಹೋಗಿಬಿಟ್ಟಳು. ಸುಮಾ ಕಾಫಿಗೆ ಡಿಕಾಕ್ಷನ್ ಇಳಿಸುತ್ತಿದ್ದಳು.

"ಅಮ್ಮಾ, ಒಂದು ಕೇಳ್ಲಾ? ನಿಮ್ಮನೇಲಿ ಪಟ್ಟದ ಗೊಂಬೆ ಇದೆಯಂತಲ್ಲ. ನೋಡ್ಬೇಕಿತ್ತು."

ಸುಮಾ ಡಿಕಾಕ್ಷನ್ನಿನ ಮುಚ್ಚಳ ಮುಚ್ಚಿದಳು. "ಗೊಂಬೆ ನೋಡ್ಬೇಕೋ, ಗೊಂಬೆ ಕೆಳಗಿರೋ ಕಾಗದ ನೋಡ್ಬೇಕೋ?"

ಹೊರಗೆ ಹಜಾರದಲ್ಲಿ ಏನೋ ದಡಾರನೆ ಬಿತ್ತು. ಸುಂದರೇಶ ಕುರ್ಚಿಯ ಮೇಲೆ ಕೂತರೋ, ಕುರ್ಚಿಯೇ ಅವರ ಮೇಲೆ ಕೂತಿತೋ ತಿಳಿಯಲಿಲ್ಲ.

ಸುಮಾ ಸೆರಗಿನಿಂದ ಬೀಗದ ಕೈ ಬಿಚ್ಚಿ, ಸ್ಟೂಲು ಹತ್ತಿ, ಅಟ್ಟದ ಟ್ರಂಕಿನಿಂದ ಎರಡು ಉದ್ದನೆಯ ಪೆಟ್ಟಿಗೆ ಇಳಿಸಿ ಹಜಾರದ ಜಮಖಾನದ ಮೇಲಿಟ್ಟಳು. "ಇವು ನಮ್ಮಪ್ಪ ಮದುವೇಲಿ ನಂಗೆ ಕೊಟ್ಟ ಗೊಂಬೆ ಕಣ್ರೀ," ಎಂದಳು ಗಂಡನಿಗೆ. "ವರ್ಷಾ ವರ್ಷಾ ಪೆಟ್ಟಿಗೆಯಿಂದ ತೆಗೆದು, ಒರೆಸಿ, ಹೊಸ ಬಟ್ಟೆ ಉಡಿಸಿ, ಕೂರಿಸಿ, ಆರತಿ ಮಾಡೋಳು ನಾನು. ಈ ಊರಲ್ಲಿ ಇಷ್ಟು ಮನೆ, ಇಷ್ಟು ಜಾಗ ಇರೋವಾಗ ನಿಮಗೆ ಬಚ್ಚಿಡಕ್ಕೆ ಇದೇ ಸಿಕ್ತಾ?"

"ರೇಷ್ಮೆ ಬಟ್ಟೆ ಅಡಿ ಯಾರು ನೋಡ್ತಾರೆ ಅಂದ್ಕೊಂಡೆ," ಎಂದರು ಸುಂದರೇಶ ಕ್ಷೀಣವಾಗಿ.

"ರೇಷ್ಮೆ ಬಟ್ಟೆ ಒಗೆಯೋದು ಯಾರು?"

ರಾಜನ ಪೆಟ್ಟಿಗೆ ತೆರೆಯಿತು. ಮೀಸೆ ಹೊತ್ತ ಮರದ ರಾಜ ಮಲಗಿದ್ದ. ಅವನಡಿಯಿಂದ ನಾಲ್ಕು ಮಡಿಕೆಯ ಕಾಗದ ಹೊರಬಂತು. ಬಿಂದುಮಾಧವ ರಾಯರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ತಾರೀಖು ನೋಡಿ, ಕನ್ನಡಕ ಹಣೆಗೇರಿಸಿದರು.

"ನಾಲ್ಕು ವರ್ಷದ ಹಿಂದಿನದು. ಇದರ ಆಯಸ್ಸು ಮೂರು ತಿಂಗಳು ಕಣಮ್ಮ. ಗಿಳಿ ಸತ್ತು ಬಹಳ ಕಾಲ ಆಯ್ತು." ಗಿಳಿಯ ಕಥೆಯನ್ನು ದಾರಿಯಲ್ಲಿ ಪವಿತ್ರಳೇ ಅವರಿಗೆ ಹೇಳಿದ್ದಳು. "ಹೊಸದಕ್ಕೆ ಯಜಮಾನರೇ ಅರ್ಜಿ ಕೊಡಬೇಕು. ಅದು ಬ್ಯಾಂಕಿನ ದೊಡ್ಡ ಆಫೀಸಿಗೆ ಹೋಗಿ ಬರಬೇಕು. ಹತ್ತು ದಿನ, ಹದಿನೈದು ದಿನ."

ಪವಿತ್ರಳ ಕಣ್ಣ ಮುಂದೆ ಎಂಟುನೂರು ಒಬ್ಬಟ್ಟು ಇಲವಾಲದ ರಸ್ತೆಯ ಮೇಲೆ ಒಂದೊಂದೇ ಮುರಿದು ಬಿದ್ದವು. ಅಜ್ಜಿಯ ಯಾವ ಕಥೆಯಲ್ಲೂ ಗಿಳಿಗೆ ವಾಯಿದೆ ಇರಲಿಲ್ಲ.

"ಅಷ್ಟಕ್ಕೇ ಯಾಕೆ ಮುಖ ಸಣ್ಣ ಮಾಡ್ಕೋತೀಯ? ರಾಣಿ ಇದಾಳಲ್ಲ," ಎಂದು ಸುಮಾ ಎರಡನೆಯ ಪೆಟ್ಟಿಗೆಯ ಮುಚ್ಚಳ ಸರಿಸಿದಳು. ಮೂಗುತಿಯಿಟ್ಟ ಮರದ ರಾಣಿಯ ಕೆಳಗಿಂದ ಇನ್ನೊಂದು ಕಾಗದ ಬಂತು. ಗರಿಗರಿಯಾಗಿತ್ತು.

ರಾಯರು ಓದಿದರು. ತಿರುಗಿಸಿ ಓದಿದರು. ಬೆಳಕಿಗೆ ಹಿಡಿದು ಓದಿದರು. "ಹೋದ ತಿಂಗಳಿನದು. ಸಾಲದ ಹೆಸರು ತೆಗೆಸೋ ಫಾರಂ ಮೂವತ್ತೈದಕ್ಕೂ ಬ್ಯಾಂಕಿನ ಸೀಲು ಬಿದ್ದಿದೆ! ಸುಂದರೇಶ್ ಅವ್ರೇ, ನಿಮ್ಮ ಸಹಿ ಇದೆಯಲ್ರೀ?"

"ನಾನು ಮಾಡೇ ಇಲ್ಲ!"

"ಮಾಡಿದೀರಿ," ಎಂದಳು ಸುಮಾ. "ನೀವು ಮಾರ್ತೀನಿ ಅಂತ ಫೋಟೋ ತೆಗೆದ ದಿನವೇ ನಾನು ಅರ್ಜಿ ಬರೆದೆ. ಗ್ಯಾಸಿನ ಫಾರಂ ಜೊತೆ ಇಟ್ಟು ಕೊಟ್ಟೆ. ನೀವು ಪೇಪರ್ ಓದ್ತಾ ಹಾಗೇ ಸಹಿ ಹಾಕಿದ್ರಿ. ಮೂವತ್ತೆರಡು ವರ್ಷ ಪುಸ್ತಕದ ನಡುವೆ ಇದ್ದವರು, ಸಹಿ ಹಾಕೋ ಕಾಗದ ಒಂದು ದಿನ ಓದಿಲ್ಲ. ಅದಕ್ಕೇ ನಂಗೆ ಸಂಸಾರ ಸಲೀಸು."

"ಮತ್ತೆ ಇಷ್ಟು ವರ್ಷ ಗೊತ್ತಿದ್ದೂ ಸುಮ್ಮನಿದ್ದೆಯಲ್ಲೇ?"

"ನಂಗೇನು ಸಾಲ ಮುಗಿದು ಹೋಗ್ಲಿ ಅಂತ ಅವಸರವೇ? ಅವನು ನನ್ನ ತಮ್ಮ. ನಿಮಗೇ ಇಲ್ಲ ಅನ್ನೋಕೆ ಬಾಯಿ ಬರದ ಮೇಲೆ ನಂಗೆಲ್ಲಿ ಬರುತ್ತೆ? ಮೇಲಿಂದ ಅವನು ಕೇಳಿದಾಗಲೆಲ್ಲ ನಾನೂ ಬ್ಯಾಂಕಿನ ಮೇಲೆ ಹಾಕ್ತಿದ್ದೆ." ಸುಮಾಳ ದನಿ ತಗ್ಗಿತು. "ಆಮೇಲೆ ಪ್ರತಿ ತಿಂಗಳೂ ಐದನೇ ತಾರೀಖು ಕಂತು ಕಟ್ಟಿ ಬರ್ತೀನಿ ಅಂತ ಇಸ್ತ್ರಿ ಷರ್ಟು ಹಾಕ್ಕೊಂಡು ಹೋಗಿ ದೋಸೆ ತಿಂದು ಬರ್ತಿದ್ರಲ್ಲ. ಬಾಯ್ಬಿಟ್ರೆ ನಿಮ್ಮ ದೋಸೆ ತಪ್ಪಿಹೋಗೋದು."

ಸುಂದರೇಶ ಮರದ ರಾಜನನ್ನು ನೋಡಿದರು. ರಾಜನೂ ಅವರನ್ನೇ ನೋಡಿದ. ಇಬ್ಬರ ಮುಖದಲ್ಲೂ ಒಂದೇ ಕಳೆ ಇತ್ತು.

"ದೋಸೆ ವಾಸನೆ ಬರ್ತಿತ್ತಾ?"

"ಚಟ್ನಿ ಕಲೆ ರೀ."

ಮಂಗಳವಾರ ರಾಯರು ಎಲ್ಲರನ್ನೂ ಸಾಲಾಗಿ ನಡೆಸಿಕೊಂಡು ಬ್ಯಾಂಕಿಗೆ ಹೋದರು. ಗೊಂಬೆಯ ಮಾತು ನಂಬಿದರೂ ಕಾಗದವನ್ನು ಬರೆದವರ ಬಾಯಲ್ಲೇ ಕೇಳಬೇಕೆಂಬುದು ಅವರ ಶಾಸ್ತ್ರ. ಸಾಲದ ಖಾತೆ ಮುಚ್ಚಿ ನಾಲ್ಕು ವರ್ಷವಾಗಿದೆ, ಒಂದು ಕಾಸೂ ಬಾಕಿಯಿಲ್ಲ ಎಂದು ಅಲ್ಲಿನ ಹುಡುಗಿ ಕಂಪ್ಯೂಟರು ನೋಡಿ ಹೇಳಿದಳು. ಅಲ್ಲಿಂದ ಆರ್‌ಟಿಓ. ರಾಯರು ತಮ್ಮ ಹಳೆಯ ಕೌಂಟರಿನ ಮುಂದೆ ನಿಂತು, ಬ್ಯಾಂಕಿನ ಹೆಸರು ತೆಗೆಯುವ ಫಾರಮ್ಮನ್ನೂ ಪವಿತ್ರಳ ಹೆಸರಿಗೆ ಮಾಡುವ ಫಾರಮ್ಮುಗಳನ್ನೂ ಅಂಚು ಸರಿಯಾಗಿ ಕೂಡಿಸಿ, ಮಗುವನ್ನು ಶಾಲೆಗೆ ಸೇರಿಸುವವರ ಹಾಗೆ ಒಳಗೆ ತಳ್ಳಿದರು. ಈ ಸಲ ಪವಿತ್ರಳ ಮನಸ್ಸು ಚಪ್ಪಲಿ ಮೆಟ್ಟಲಿಲ್ಲ. ಅರ್ಜಿಯ ಪ್ರತಿಯೊಂದು ಸಾಲನ್ನೂ ಬೆರಳಿಟ್ಟು ಓದಿದಳು.

ಶುಕ್ರವಾರ ಬೆಳಿಗ್ಗೆ ಮೊಬೈಲಿಗೆ ಸುದ್ದಿ ಬಂತು. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿಲ್ಲ. ಸುಂದರೇಶರ ಹೆಸರೂ ಇಲ್ಲ. ಇರುವುದು ಒಂದೇ ಹೆಸರು. ಅದನ್ನು ಅವಳು ಹನ್ನೊಂದು ಸಲ ಓದಿದಳು, ಅಜ್ಜಿಗೂ ಓದಿ ಹೇಳಿದಳು. "ಪೂರ್ತಿ ನಿಂದೇಯಾ?" ಎಂದಳು ಮಂಗಳಮ್ಮ. "ಪೂರ್ತಿ ನಂದೇ ಅಜ್ಜಿ." ದುಡ್ಡು ಸುಂದರೇಶರ ಖಾತೆಗೆ ಹೋಯಿತು.

ಒಬ್ಬಟ್ಟಿನ ಡಬ್ಬಿ ಹಿಡಿದು, ರಾಯರೊಡನೆ ಕಾರಿನ ಕೀಲಿಕೈ ಇಸಿದುಕೊಳ್ಳಲು ಹೋದಾಗ ಸುಮಾ ಕಾರಿಗೆ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣು ಇಟ್ಟಿದ್ದಳು. ಸುಂದರೇಶ ಕೀಲಿಕೈಯನ್ನು ಪವಿತ್ರಳ ಅಂಗೈಯಲ್ಲಿಟ್ಟರು. ಆಗಲೇ ಮಹಡಿಯ ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ಹರೀಶ್ ಇಳಿದು ಬರುತ್ತಿದ್ದ. ದುಂಡು ಮುಖ, ಹಲ್ಲು ಕಾಣುವ ನಗೆ, ಯಾರ ಮೇಲೂ ಬೇಸರವಿಲ್ಲದ ಆಳು.

"ಏನ್ ಭಾವ, ಸಾಲ ಇದ್ದಂಗೇ ಮಾರ್ಬುಟ್ರಾ?"

ಸುಂದರೇಶ ಕಂಬದ ಮರೆಗೆ ಸರಿದರು. "ಅದು... ಬ್ಯಾಂಕಿನವರು ಒಪ್ಪಿದ್ರು..."

"ಸಾಲ ಇಲ್ಲ ಸಾರ್," ಎಂದಳು ಪವಿತ್ರ. "ಎಲ್ಲ ತೀರಿದೆ. ಗಾಡಿ ಈಗ ನಂದು."

"ಓಹೋ! ಒಳ್ಳೇದಾಯ್ತು ಮೇಡಂ!" ಹರೀಶನ ಮುಖ ಊರಗಲವಾಯಿತು. "ಹಂಗಾದ್ರೆ ದಸರಾ ರಜಕ್ಕೆ ನಾಲ್ಕೇ ದಿನ ಕೊಡಿ ಮೇಡಂ. ಗೋಕರ್ಣ. ಪೆಟ್ರೋಲು ನಮ್ದೇ. ಹನ್ನೊಂದೇ ಜನ."

ಸುಂದರೇಶ ಕಣ್ಣು ಮುಚ್ಚಿಕೊಂಡರು. ಸುಮಾ ಕುಂಕುಮದ ಬಟ್ಟಲು ಹಿಡಿದು ಹಾಗೇ ನಿಂತಳು. ಬಿಂದುಮಾಧವ ರಾಯರು ಎಂದಿನಂತೆ ಕಾರಿಗೆ ಬೆನ್ನು ಹಾಕಿದ್ದರು, ಅವರೂ ತಿರುಗಿದರು.

ಪವಿತ್ರ ಕೀಲಿಕೈಯನ್ನು ಮುಷ್ಟಿಯಲ್ಲಿ ಬಿಗಿ ಹಿಡಿದಳು. ಅದು ಬೆಚ್ಚಗಿತ್ತು.

"ಇಲ್ಲ ಸಾರ್, ಕೊಡಲ್ಲ."

ಸುಂದರೇಶ ಕಣ್ಣು ಮುಚ್ಚಿಯೇ ಕಂಬವನ್ನು ತಬ್ಬಿಕೊಂಡರು.

"ಹೌದಾ? ಸರಿ ಬುಡಿ," ಎಂದ ಹರೀಶ್. "ಅಲ್ಲೊಬ್ರು ಟೆಂಪೋ ಟ್ರಾವೆಲರ್ ಗಾಡಿಯವ್ರು ಗೊತ್ತು, ಅವರ್ನೇ ಕೇಳ್ತೀನಿ." ಸಿಳ್ಳೆ ಹಾಕಿಕೊಂಡು ಮೆಟ್ಟಿಲು ಹತ್ತಿ ಹೋದ. ಅರ್ಧ ದಾರಿಯಲ್ಲಿ ತಿರುಗಿ, "ಅಕ್ಕಾ, ಒಬ್ಬಟ್ಟು ಬಂದೈತೆ ಅಂದ್ರು, ಮ್ಯಾಲಕ್ಕೆ ಎರಡು ಕಳ್ಸು," ಎಂದ.

ಸುಂದರೇಶ ಕಣ್ಣು ತೆರೆದು ಮಹಡಿಯನ್ನು ನೋಡಿದರು, ಪವಿತ್ರಳನ್ನು ನೋಡಿದರು.

"ಅಷ್ಟೇನಾ?" ಎಂದರು. "ಅಷ್ಟೇನೇನಮ್ಮಾ? ಏಳು ವರ್ಷ ಕಣೇ ಸುಮಾ... ಬರೀ ಅಷ್ಟೇನಾ?"

ಸುಮಾ ಬಾಯಿಗೆ ಸೆರಗು ಒತ್ತಿ ನಗುತ್ತಿದ್ದಳು. ನಿಂಬೆಹಣ್ಣು ಪಚಕ್ಕೆಂದು ಅಪ್ಪಚ್ಚಿಯಾಯಿತು, ಕಾರು ಗೇಟು ದಾಟಿತು. ಮುಂದಿನ ಸೀಟಿನಲ್ಲಿ ಎರಡೂ ಕೈಯಲ್ಲಿ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದು ಕೂತಿದ್ದ ಬಿಂದುಮಾಧವ ರಾಯರು ಡ್ಯಾಶ್‌ಬೋರ್ಡನ್ನು ಮೊದಲ ಸಲ ನೋಡಿ, "ಪರವಾಗಿಲ್ಲ, ಚೆನ್ನಾಗಿದೆಯಲ್ಲಮ್ಮ ಗಾಡಿ," ಎಂದರು.

ಕನ್ನಡಿಯಲ್ಲಿ ಪವಿತ್ರಳಿಗೆ ಸುಂದರೇಶ ಗೇಟಿನ ಹತ್ತಿರ ಒಬ್ಬರೇ ನಿಂತಿರುವುದು ಕಂಡಿತು. ಖಾಲಿ ರಸ್ತೆಯ ಕಡೆ ಮುಖ ಮಾಡಿ, ಕೈಯಾಡಿಸುತ್ತ, ಅವರು ಏನನ್ನೋ ಮತ್ತೆ ಮತ್ತೆ ಹೇಳಿ ನೋಡುತ್ತಿದ್ದರು. ತುಟಿಯ ಆಕಾರ ನೋಡಿದರೆ ಅದು "ಕೊಡಲ್ಲ" ಎಂಬಂತೆಯೇ ಇತ್ತು.